ಉಪ್ಪುನೀರಿನ ಟ್ಯಾಂಕಿನಲ್ಲಿ ಕೂದಲು ಪಾಚಿ: ಮಳೆಗಾಲದಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ಮಡಿಕೇರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು 200 ಲೀಟರಿನ ಉಪ್ಪುನೀರಿನ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದು ಸಿಗಡಿ, ಕೆಲವು ಬಸವನಹುಳು, ಜೊವಾಂಥಿಡ್ ಮತ್ತು ಮಶ್ರೂಮ್ ಹವಳ ಇವೆ. ಮಳೆ ಹಿಡಿದಾಗಿನಿಂದ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ. ಕಿತ್ತರೂ ವಾರದೊಳಗೆ ಮತ್ತೆ ಬರುತ್ತದೆ. ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿದರೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ! ತೋಟದ ಬಾವಿ ನೀರನ್ನು ಅಡುಗೆಮನೆಯ ಪ್ಯೂರಿಫೈಯರ್‌ನಲ್ಲಿ ಹಿಡಿದು ಉಪ್ಪು ಬೆರೆಸುತ್ತೇವೆ. ಅಂಗಡಿಯವರು ಪಾಚಿ ಔಷಧಿ ಹಾಕಿ ಅಂದರು. ಹಾಕಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ವಿರಾಜಪೇಟೆಯಿಂದ

ಔಷಧಿಯ ಮುಚ್ಚಳ ತೆಗೆಯಬೇಡಿ. ಸಿಹಿನೀರಿನ ಟ್ಯಾಂಕಿಗೆ ಅಂತ ಮಾರುವ ಪಾಚಿ ಔಷಧಿಗಳಲ್ಲಿ ಹಲವದರಲ್ಲಿ ತಾಮ್ರ ಇರುತ್ತದೆ. ಮೀನು ಸ್ವಲ್ಪ ತಡೆದುಕೊಳ್ಳಬಹುದು. ಸಿಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಕಲ್ಲು, ಮರಳಿಗೆ ಒಮ್ಮೆ ಸೇರಿಕೊಂಡ ತಾಮ್ರ ಆಮೇಲೂ ನಿಧಾನಕ್ಕೆ ನೀರಿಗೆ ಬಿಡುತ್ತಲೇ ಇರುತ್ತದೆ.

ಕಿಟ್ ಸೊನ್ನೆ ತೋರಿಸುವುದಕ್ಕೆ ಕಾರಣ ಇದೆ. ಪಾಚಿ ಅಷ್ಟು ಬೆಳೆದಿರುವಾಗ ನೀರಿಗೆ ಬಿದ್ದ ನೈಟ್ರೇಟ್, ಫಾಸ್ಫೇಟನ್ನು ಅದೇ ಹೀರಿಕೊಂಡುಬಿಡುತ್ತದೆ. ಕಿಟ್ ನೋಡುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ, ಅಲ್ವಾ? ಹಾಗಾಗಿ ಸೊನ್ನೆ ಅಂದರೆ ಗೊಬ್ಬರ ಇಲ್ಲ ಅಂತ ಅರ್ಥ ಅಲ್ಲ. ತೋಟದಲ್ಲಿ ಕಳೆ ಸವರಿ, ಗೊಬ್ಬರ ಹಾಕುತ್ತಲೇ ಇದ್ದರೆ ಏನಾಗುತ್ತದೋ ನಿಮ್ಮ ಟ್ಯಾಂಕಿನಲ್ಲೂ ಅದೇ ನಡೆಯುತ್ತಿದೆ. ಗೊಬ್ಬರ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಬೇಕು.

ನನ್ನ ಅನುಮಾನ ಮೊದಲು ನಿಮ್ಮ ನೀರಿನ ಮೇಲೆ. ಮನೆಯ ಪ್ಯೂರಿಫೈಯರ್ ಕುಡಿಯುವುದಕ್ಕೆ ಮಾಡಿದ್ದು. ರುಚಿ ಇರಲಿ ಅಂತ ಬಹಳಷ್ಟು ಮಾಡೆಲ್‌ಗಳು ಆರ್‌ಒ ಆದ ನೀರಿಗೆ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುತ್ತವೆ, ಇಲ್ಲವೇ ಮಿನರಲ್ ಕಾರ್ಟ್ರಿಜ್ ಮೂಲಕ ಬಿಡುತ್ತವೆ. ತೋಟಕ್ಕೆ ಹಾಕಿದ ಯೂರಿಯಾ, ಕಾಂಪ್ಲೆಕ್ಸ್ ಗೊಬ್ಬರ ಮಳೆಯಲ್ಲಿ ಇಳಿದು ಬಾವಿ ಸೇರುತ್ತದೆ. ಇನ್ನೊಂದು ವಿಷಯ ನಮ್ಮ ಕೊಡಗಿನವರು ಮರೆಯಲೇಬಾರದು: ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಮಳೆ ಶುರುವಾಗುವ ಮೊದಲೊಮ್ಮೆ, ನಡುವೆ ಮಳೆ ಬಿಟ್ಟಾಗ ಇನ್ನೊಮ್ಮೆ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರವೇ. ತೆರೆದ ಬಾವಿಗೆ ಅದರ ಹನಿ ಬೀಳುವುದು ಕಷ್ಟವೇನಲ್ಲ. ನಿಮ್ಮ ಬಸವನಹುಳುಗಳು ಕಲ್ಲಿಗೆ ಅಂಟದೆ ಮರಳಿನ ಮೇಲೆ ಬಿದ್ದುಕೊಂಡಿದ್ದರೆ ಒಂದು ತಾಮ್ರದ ಟೆಸ್ಟ್ ಮಾಡಿ ನೋಡಿ. ಬೋರ್ಡೋ ಹೊಡೆದು ಬಂದ ಕೈಯನ್ನು ಟ್ಯಾಂಕಿಗೆ ಹಾಕುವುದಂತೂ ಬೇಡವೇ ಬೇಡ.

ಉಪಾಯ ಇಷ್ಟೇ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಹಂತ ಇರುವ ಬೇರೆ ಫಿಲ್ಟರ್ ಇಡಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಿಗೆ ಮಾತ್ರ ಉಪ್ಪು ಬೆರೆಸಿ. ಆವಿಯಾದಷ್ಟು ತುಂಬುವುದಕ್ಕೂ ಅದೇ ನೀರು. ಈ ಒಂದು ಕೆಲಸ ಬಿಟ್ಟು ಬೇರೆ ಏನೇ ಮಾಡಿದರೂ ಪಾಚಿ ತಿರುಗಿ ಬರುತ್ತದೆ ಅಂತ ನಾನು ನಂಬುತ್ತೇನೆ.

ನೀರು ಸರಿಯಾದ ಮೇಲೂ ಈಗಿರುವ ಪಾಚಿಯನ್ನು ಕೈಯಲ್ಲೇ ತೆಗೆಯಬೇಕು. ನಾನು ಮಾಡುವುದು ಹೀಗೆ: ಏರ್ ಪಂಪಿನ ತೆಳು ಪೈಪಿನ ತುದಿಗೆ ಹಳೇ ಟೂತ್‌ಬ್ರಷ್ಷನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತೇನೆ. ಪೈಪಿನ ಬಾಯಿ ಬ್ರಷ್ಷಿನ ಎಳೆಗಳ ಪಕ್ಕಕ್ಕೇ ಬರಬೇಕು. ಇನ್ನೊಂದು ತುದಿ ಕೆಳಗಿನ ಬಕೆಟ್ಟಿನಲ್ಲಿ. ನೀರು ಹರಿಯಲು ಬಿಟ್ಟು ಉಜ್ಜಿದರೆ, ಕಿತ್ತ ಎಳೆ ಅಲ್ಲಿಂದಲೇ ಪೈಪಿಗೆ ಹೋಗುತ್ತದೆ. ಸುಮ್ನೆ ಟ್ಯಾಂಕಿನೊಳಗೆ ಉಜ್ಜಿ ಬಿಟ್ಟರೆ ಆ ತುಂಡುಗಳು ಹೋಗಿ ಬೇರೆ ಕಲ್ಲಿನಲ್ಲಿ ಬೇರು ಬಿಡುತ್ತವೆ. ವಾರದ ನೀರು ಬದಲಾವಣೆಯ ದಿನವೇ ಇದನ್ನು ಮಾಡಿ, ಶೇಕಡಾ 10ರಿಂದ 15ರಷ್ಟು ನೀರು ಹೇಗೂ ಹೊರಗೆ ಹೋಗಬೇಕಲ್ಲ.

ಎಚ್ಚರಿಕೆ: ಜೊವಾಂಥಿಡ್ ಇರುವ ಕಲ್ಲನ್ನು ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಬಲು ಕೆಟ್ಟ ವಿಷ ಇರುತ್ತದೆ. ಆ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯುವುದು, ಕುದಿಸುವುದು ಯಾವತ್ತೂ ಬೇಡ. ಆವಿಯಲ್ಲೇ ವಿಷ ಮೂಗಿಗೆ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಹುಷಾರು.

ಊಟ ಕಮ್ಮಿ ಮಾಡಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು ಸಾಕು. ಫ್ರೋಜನ್ ಆಹಾರವನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು ಹಾಕಿ. ಲೈಟ್ 8 ಗಂಟೆ ಮೀರುವುದು ಬೇಡ.

ಕುಶಾಲನಗರದಿಂದ

ಅಣ್ಣ ಹೇಳಿದ್ದು ಪೂರ್ತಿ ಸರಿ. ನಮ್ಮಲ್ಲಿ ಬೋರ್‌ವೆಲ್ ನೀರು, ಕಲ್ಲಿನಿಂದ ಸಿಲಿಕೇಟ್ ಬರುತ್ತದೆ. ಬರೀ ಆರ್‌ಒ ಮಾಡಿದರೆ ಅದು ಪೂರ್ತಿ ಹೋಗುವುದಿಲ್ಲ. ಹಸಿರು ಪಾಚಿಗಿಂತ, ಸಿಲಿಕೇಟಿನಿಂದ ಬೆಳೆಯುವ ಮರಳಿನ ಮೇಲಿನ ಕಂದು ಪುಡಿಯೇ ನಮಗೆ ಜಾಸ್ತಿ ಕಾಟ ಕೊಟ್ಟಿದ್ದು. ಡಿಐ ಹಾಕಿದ ಮೇಲೆ ನಿಂತಿತು.

ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಅದೇ ಜಿಎಫ್‌ಒ, ಬಳಸುವುದಾದರೆ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಕಮ್ಮಿಯಿಂದ ಶುರು ಮಾಡಿ. ಫಾಸ್ಫೇಟ್ ಒಮ್ಮೆಲೇ ಇಳಿದರೆ ಹವಳಕ್ಕೆ ಪೆಟ್ಟು. ಪಾಚಿ ಹೋದ ಮೇಲೆ 0.03ರಿಂದ 0.1 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಫಾಸ್ಫೇಟ್, 2ರಿಂದ 10 ಪಿಪಿಎಂ ನೈಟ್ರೇಟ್ ಇದ್ದರೆ ನಾನು ನೆಮ್ಮದಿಯಾಗಿರುತ್ತೇನೆ. ಎರಡನ್ನೂ ಸೊನ್ನೆಗೆ ಇಳಿಸುವ ಹಟ ಬೇಡ.

ಪಾಚಿ ತಿನ್ನುವುದಕ್ಕೆ ಟರ್ಬೊ, ಟ್ರೋಕಸ್ ಬಸವನಹುಳು ಒಳ್ಳೆಯವು. ಆದರೆ ಉದ್ದಕ್ಕೆ ಬೆಳೆದ ಪಾಚಿಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಮೊದಲು ನೀವು ಗಿಡ್ಡ ಮಾಡಿ, ಆಮೇಲೆ ಅವು ನೋಡಿಕೊಳ್ಳುತ್ತವೆ. ಟರ್ಬೊ ಮಗುಚಿ ಬಿದ್ದರೆ ಎಷ್ಟೋ ಸಲ ತಾನೇ ಏಳಲಾರದು, ಬೆಳಿಗ್ಗೆ ಒಮ್ಮೆ ನೋಡಿ ಎತ್ತಿ ನಿಲ್ಲಿಸಿ. ಕಲ್ಲು, ಹವಳ ಬೇಕು ಅಂತ ಕಡಲ ತೀರದಿಂದ ಯಾರೂ ತರಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಯ್ದೆ ಇಲ್ಲದಿದ್ದರೂ ಅವನ್ನು ಕೀಳುವುದು ತಪ್ಪೇ.

ಗೋಣಿಕೊಪ್ಪದಿಂದ

ಒಂದು ಮಾತು ಸೇರಿಸುತ್ತೇನೆ. ಅದು ನಿಜಕ್ಕೂ ಕೂದಲು ಪಾಚಿಯೇನಾ ಅಂತ ಖಚಿತ ಮಾಡಿಕೊಳ್ಳಿ. ಹಿಡಿದೆಳೆದರೆ ಕಲ್ಲಿಗೆ ಗಟ್ಟಿಯಾಗಿ ಅಂಟಿದ್ದರೆ ಪಾಚಿ. ಕೆಂಪಗೆ, ಹಾಳೆಯ ಹಾಗೆ ಎದ್ದು ಬಂದರೆ ಅದು ಸಯನೊಬ್ಯಾಕ್ಟೀರಿಯಾ, ಅಲ್ಲಿ ನೀರಿನ ಓಟ ಹೆಚ್ಚಿಸಬೇಕು. ಕಂದು ಲೋಳೆ, ತುದಿಯಲ್ಲಿ ಗುಳ್ಳೆ, ಬೆಳಿಗ್ಗೆ ಕಮ್ಮಿ ಸಂಜೆಗೆ ಜಾಸ್ತಿ ಅಂತಿದ್ದರೆ ಡೈನೋ, ಅಂದರೆ ಡೈನೋಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿ, ಇರಬಹುದು. ಸ್ವಲ್ಪ ಲೋಳೆಯನ್ನು ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಟಿಶ್ಯೂ ಪೇಪರಿನಲ್ಲಿ ಸೋಸಿ, ಆ ನೀರನ್ನು ಒಂದು ಗಂಟೆ ಬೆಳಕಿನಲ್ಲಿ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ. ಆಗ ಗೊಬ್ಬರ ಇಳಿಸಿದಷ್ಟೂ ಅದಕ್ಕೆ ಅನುಕೂಲ, ನೈಟ್ರೇಟ್ ಫಾಸ್ಫೇಟನ್ನು ಸ್ವಲ್ಪ ಏರಿಸಬೇಕಾಗುತ್ತದೆ.

ಕರೆಂಟಿನ ವಿಷಯ ಯಾರೂ ಹೇಳಲಿಲ್ಲ. ಮಳೆ ಗಾಳಿಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋದರೆ ಪಂಪ್ ನಿಂತು, ಕಲ್ಲಿನೊಳಗಿನ ಬ್ಯಾಕ್ಟೀರಿಯಾ, ಸಣ್ಣ ಹುಳುಗಳು ಉಸಿರಿಲ್ಲದೆ ಸಾಯುತ್ತವೆ. ಅವು ಕೊಳೆತದ್ದೆಲ್ಲ ಪಾಚಿಗೆ ಊಟ. ನಮ್ಮ ಮನೆಯಲ್ಲಿ ಇನ್ವರ್ಟರಿಗೆ ಮೊದಲು ಸಿಗುವುದು ಟ್ಯಾಂಕಿನ ಪಂಪ್, ಆಮೇಲೆ ಟಿವಿ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಏರ್ ಪಂಪ್ ಆದರೂ ಇಟ್ಟುಕೊಳ್ಳಿ.

ಮಡಿಕೇರಿಯಿಂದ ಮತ್ತೆ

ತುಂಬ ಉಪಕಾರವಾಯಿತು. ಗಟ್ಟಿಯಾಗಿ ಅಂಟಿದೆ, ಕೂದಲು ಪಾಚಿಯೇ. ಪ್ಯೂರಿಫೈಯರ್ ನೀರಿನ ಟಿಡಿಎಸ್ ಈಗಷ್ಟೇ ನೋಡಿದೆ, 60 ಬಂತು. ಔಷಧಿ ವಾಪಸ್ ಕೊಡುತ್ತೇನೆ. ಒಂದು ಕೇಳಲಾ ಅಣ್ಣ? ಇಲ್ಲಿ ಮಳೆಗೆ ಬರವಿಲ್ಲ. ಮಳೆ ನೀರನ್ನೇ ಹಿಡಿದು ಬಳಸಿದರೆ?

ವಿರಾಜಪೇಟೆಯಿಂದ

ನೇರವಾಗಿ ಬೇಡ. ತಗಡಿನ ಶೀಟ್ ಆದರೆ ಸತು ಬಿಡುತ್ತದೆ, ಹೆಂಚಿನ ಮೇಲೆ ಹಕ್ಕಿ ಹಿಕ್ಕೆ, ಎಲೆ ಕೊಳೆತದ್ದು ಇರುತ್ತದೆ, ಪಕ್ಕದ ತೋಟದಿಂದ ಬೋರ್ಡೋ ಹಾರಿ ಬಂದಿರುತ್ತದೆ. ಆದರೆ ಮೊದಲ ಮಳೆಗಳಲ್ಲಿ ಮಾಡು ತೊಳೆದುಹೋದ ಮೇಲೆ ಹಿಡಿದ ನೀರನ್ನು ಆರ್‌ಒ, ಡಿಐ ಫಿಲ್ಟರಿಗೆ ಕೊಡಬಹುದು. ಬಾವಿ ನೀರಿಗಿಂತ ಅದರ ಟಿಡಿಎಸ್ ಕಮ್ಮಿ ಇರುವುದರಿಂದ ರೆಸಿನ್ ಬಹಳ ದಿನ ಬಾಳುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಹಿಡಿಯಿರಿ, ಸ್ಪ್ರೇ ಡ್ರಮ್ ಮಾತ್ರ ಬೇಡ.