1911 ಪಿಸ್ತೂಲಿನ ಗ್ರಿಪ್ ಸ್ಕ್ರೂ ಬುಶಿಂಗ್ ಸಮೇತ ಎದ್ದು ಬರ್ತಿದೆ, ಅನುಭವ ಇದ್ದವರು ಹೇಳಿ

ಹೊಸಗೈ:
ಹಳೆಯ 1911 ಮಾದರಿಯ .45 ಪಿಸ್ತೂಲು, ಉಕ್ಕಿನ ಫ್ರೇಮ್. ಎಡಗಡೆ ಗ್ರಿಪ್‌ನ ಕೆಳಗಿನ ಸ್ಕ್ರೂ ತಿರುಗಿಸಿದರೆ ಸ್ಕ್ರೂ ಬಿಚ್ಚುತ್ತಿಲ್ಲ, ಅಡಿಯ ಬುಶಿಂಗೇ (ಫ್ರೇಮಿಗೆ ತಿರುಗಿಸಿ ಕೂರಿಸಿದ, ಸ್ಕ್ರೂ ಹಿಡಿಯುವ ಪುಟ್ಟ ಉಕ್ಕಿನ ಕೊಳವೆ) ಫ್ರೇಮಿನಿಂದ ಎದ್ದು ಬರುತ್ತಿದೆ. ಮೇಲಿನದು ಅಲುಗಾಡುವುದೇ ಇಲ್ಲ. ಗ್ರಿಪ್ ಅಡಿ ತುಕ್ಕು ಹಿಡಿದಿರುವ ಅನುಮಾನ, ಬಿಚ್ಚಿ ಶುಚಿ ಮಾಡಬೇಕು. ಗ್ರಿಪ್ ಮರದ್ದು, ಪಿಸ್ತೂಲಿನ ಜೊತೆಗೇ ಬಂದದ್ದು, ಹಾಳಾಗಬಾರದು. ನಿಮಗೆ ಹೀಗಾದಾಗ ಏನು ಮಾಡಿದಿರಿ?

ಬಿಸಿಮುಟ್ಟು:
ನನ್ನ 1911ರಲ್ಲಿ ನಾಲ್ಕೂ ಸ್ಕ್ರೂ ಹೀಗೇ ಕೂತಿದ್ದವು. ಹಿಂದಿನ ಮಾಲೀಕ ಮಹಾಶಯ ಸಡಿಲ ಆಗಬಾರದು ಅಂತ ಕೆಂಪು ಲಾಕ್‌ಟೈಟ್ (ಸ್ಕ್ರೂ ಕಚ್ಚಿ ಹಿಡಿಯುವ ಅಂಟು) ಸುರಿದಿದ್ದ. ನೀಲಿ ಆಗಿದ್ದರೆ ಕೈಯಲ್ಲೇ ಬಿಡುತ್ತಿತ್ತು. ಕೆಂಪು ಬಿಡಬೇಕಾದರೆ 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಬೇಕು. ಮೊದಲು ಎಲ್ಲರ ಮಾತು ಕೇಳಿ ಎಣ್ಣೆ ಬಿಟ್ಟು ಕಾದೆ. ಏನೂ ಆಗಲಿಲ್ಲ. ಗಟ್ಟಿಯಾದ ಅಂಟಿನೊಳಗೆ ಎಣ್ಣೆ ಹೋಗುವುದೆಲ್ಲಿಂದ? ಆಮೇಲೆ ದಪ್ಪ ತುದಿಯ ಸೋಲ್ಡರಿಂಗ್ ಐರನ್ ತಂದು ಸ್ಕ್ರೂ ತಲೆಯ ಮೇಲೆ ಒತ್ತಿ ಹಿಡಿದೆ. ಬಿಸಿ ಇರುವಾಗಲೇ ತಿರುಗಿಸಬೇಕು, ತಣ್ಣಗಾದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಬಿಟ್ ಕೂಡ ಹಾಲೋ ಗ್ರೌಂಡ್ ಇರಲಿ. ಅದರ ತುದಿಯ ಎರಡೂ ಮೈ ಸಮಾನಾಂತರ ಇರುತ್ತದೆ, ಸ್ಕ್ರೂ ತಲೆಯ ಸೀಳಿನ ತಳದವರೆಗೂ ಬಿಗಿಯಾಗಿ ಕೂರುತ್ತದೆ. ಮಾಮೂಲಿ ಸ್ಕ್ರೂಡ್ರೈವರ್ ತುದಿ ಇಳಿಜಾರು, ಬಲ ಬಿದ್ದ ಕೂಡಲೇ ಮೇಲೆದ್ದು ಸೀಳನ್ನು ಹರಿಯುತ್ತದೆ. ನಾನು ಈ ಬಿಟ್‌ಗೆ ಕೊಟ್ಟ ದುಡ್ಡಿನಲ್ಲಿ ಡಬ್ಬಿಗಟ್ಟಲೆ ಸ್ಕ್ರೂ ಬರುತ್ತಿತ್ತು ಅಂತ ಅಣಕಿಸಿದವರಿದ್ದಾರೆ. ಅಣಕಿಸಲಿ. ನಾಲ್ಕೂ ಬಂದವು, ಸೀಳಿಗೆ ಒಂದು ಗೀರಿಲ್ಲ.

ಹಳೇಬಂದೂಕು:
ಮರದ ಗ್ರಿಪ್ ಅಂತ ಮೊದಲೇ ಬರೆದಿದ್ದಾರಲ್ಲ, ಓದಿದಿರಾ? ಸ್ಕ್ರೂ ತಲೆ ಕೂತಿರುವುದೇ ಮರದ ಮೇಲೆ. 250 ಡಿಗ್ರಿ ಕೊಟ್ಟರೆ ಸುತ್ತ ಕರಿ ಉಂಗುರ ಗ್ಯಾರಂಟಿ.

ನನ್ನದು ಎರಡನೇ ಮಹಾಯುದ್ಧದ ಕಾಲದ 1911ಎ1. ಅದನ್ನು ಬಿಚ್ಚಲೇ ಇಲ್ಲ, ಆ ನಿರ್ಧಾರಕ್ಕೆ ಇವತ್ತಿಗೂ ಬದ್ಧ. ಜೊತೆಯ ಇನ್ನೊಂದನ್ನು ನಂಬಿಕಸ್ಥರೊಬ್ಬರ ಕೈಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಸ್ಕ್ರೂ ಸೀಳು ಹರಿದು ಅಂಚು ಎದ್ದಿತ್ತು, ಬುಶಿಂಗ್ ಸುತ್ತ ಬ್ಲೂಯಿಂಗ್ (ಉಕ್ಕಿನ ಕಡುನೀಲಿ ಲೇಪ) ಹೋಗಿ ಬಿಳಿ ಲೋಹ ಕಾಣುತ್ತಿತ್ತು. ಕೊಳ್ಳಲು ಬಂದವರು ಮೊದಲು ನೋಡಿದ್ದು ಆ ಸ್ಕ್ರೂ ತಲೆಯನ್ನೇ. "ಇದನ್ನು ಯಾರೋ ಕೆದಕಿದ್ದಾರೆ" ಅಂದರು, ಅರ್ಧ ಬೆಲೆಗೆ ಕೇಳಿದರು. ಬೇರೆ ಸ್ಕ್ರೂ ಹಾಕಿದರೆ ಕಾಲಕ್ಕೆ ಹೊಂದುವುದಿಲ್ಲ, ಹಾಗೇ ಬಿಟ್ಟರೆ ಕಣ್ಣಿಗೆ ಕುಕ್ಕುತ್ತದೆ. ಅದಕ್ಕೇ ಹೇಳುವುದು, ಗ್ರಿಪ್ ಅಡಿಯ ತುಕ್ಕು ಕಾಣದೇ ಇದ್ದರೆ ಸುಮ್ನೆ ಕೆದಕಬೇಡಿ.

ಬಿಸಿಮುಟ್ಟು:
ಕಾಣದ ತುಕ್ಕು ತಿನ್ನುವುದಿಲ್ಲವೇ? ಒಳ್ಳೆ ಲೆಕ್ಕ. ನನ್ನ ಗ್ರಿಪ್ ಹೇಗೂ ಬದಲಿಸುವುದಿತ್ತು, ಸುಟ್ಟರೂ ಚಿಂತೆ ಇರಲಿಲ್ಲ. ಅದೇನು ತಪ್ಪು?

ಅಲ್ಯೂಮಿನಿಯಂ ಸಂತ್ರಸ್ತ:
ಬಿಸಿ ಅಂದ ಕೂಡಲೇ ನನಗೆ ರಕ್ತ ಕುದಿಯುತ್ತದೆ. ನನ್ನದು ಅಲ್ಯೂಮಿನಿಯಂ ಫ್ರೇಮಿನ ಹಗುರ ಮಾದರಿ. ಉಕ್ಕಿನ ಬುಶಿಂಗ್, ಅಲ್ಯೂಮಿನಿಯಂ ಫ್ರೇಮ್, ನಡುವೆ ಕೈ ಬೆವರಿನ ಉಪ್ಪು. ಈ ಮೂರೂ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿ ಕಟ್ಟುತ್ತದೆ, ಥ್ರೆಡ್ (ತಿರುಪಿನ ಗೆರೆ) ಪೂರ್ತಿ ತುಂಬಿಕೊಳ್ಳುತ್ತದೆ. ರಿಪೇರಿಯವನು ಏನಂದ? "ಅಲ್ಯೂಮಿನಿಯಂ ಉಕ್ಕಿಗಿಂತ ಎರಡರಷ್ಟು ಹಿಗ್ಗುತ್ತದೆ, ಬಿಸಿ ಕೊಟ್ಟರೆ ತೂತು ಸಡಿಲ ಆಗುತ್ತದೆ." ಮಾತು ಸರಿಯೇ. ಆದರೆ ಆ ಪುಣ್ಯಾತ್ಮ ಟಾರ್ಚ್ ಹಿಡಿದ. ಇಂಥ ಫ್ರೇಮಿನ 7075 ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ತನ್ನ ಗಟ್ಟಿತನ ಪಡೆಯುವುದೇ 120 ಡಿಗ್ರಿ ಆಸುಪಾಸಿನಲ್ಲಿ ಹದವಾಗಿ. ಅದನ್ನು 250ಕ್ಕೆ ಏರಿಸಿದರೆ ಮೆತ್ತಗಾಗದೆ ಇನ್ನೇನು? ಬುಶಿಂಗ್ ಬಂತು, ಫ್ರೇಮಿನ ಥ್ರೆಡ್ಡನ್ನೂ ಸುತ್ತಿಕೊಂಡು ಬಂತು. ಅಲ್ಯೂಮಿನಿಯಂ ಮೇಲಿನ ಆನೋಡೈಸ್ ಲೇಪದ ಬಣ್ಣ ಮಾಸಿತು. ಓವರ್‌ಸೈಜ್ ಬುಶಿಂಗ್‌ಗೆ ಥ್ರೆಡ್ ಕೊರೆಯಲು ಹೊಸ ಟ್ಯಾಪ್ ಬೇಕು ಅಂದ, ಟ್ಯಾಪ್ ತರಿಸಲು ಮುಂಗಡ ಅಂದ, ಟ್ಯಾಪ್ ಬಂದ ಮೇಲೆ ಕೂಲಿ ಬೇರೆ ಅಂದ. ಒಂದು ಪುಟಾಣಿ ಬುಶಿಂಗ್ ಬಿಚ್ಚಿದ ಖರ್ಚು ಹೊಸ ಬ್ಯಾರಲ್ ಬೆಲೆಗೆ ಹತ್ತಿರ ಬಂತು. ಬಿಲ್ ಈಗಲೂ ಇಟ್ಟುಕೊಂಡಿದ್ದೇನೆ, ಸಾಲು ಸಾಲಾಗಿ.

ಹಳೇಬಂದೂಕು:
ಅವರದು ಉಕ್ಕಿನ ಫ್ರೇಮ್, ಸಾರ್.

ಅಲ್ಯೂಮಿನಿಯಂ ಸಂತ್ರಸ್ತ:
ಗೊತ್ತು. ಬೇರೆಯವರೂ ಓದುತ್ತಾರೆ ಅಂತ ಬರೆದೆ. ನಿಮ್ಮ ಯುದ್ಧಕಾಲದ ಪಿಸ್ತೂಲಿನ ಕಥೆ ಕೂಡ ಅವರು ಕೇಳಿರಲಿಲ್ಲ.

ಕರಿಮದ್ದು:
ಕ್ಯಾಪ್ ಅಂಡ್ ಬಾಲ್ ರಿವಾಲ್ವರ್ (ಮದ್ದು, ಗುಂಡು ಬೇರೆ ಬೇರೆ ತುಂಬುವ ಹಳೇ ಮಾದರಿ) ಹೊಡೆಯುವವರ ಮುಂದೆ ಇದೆಲ್ಲ ಏನು ಕಷ್ಟ ಮಾರಾಯ್ರೆ. ಕರಿಮದ್ದಿನ ಮಸಿಯಲ್ಲಿ ಪೊಟ್ಯಾಶಿಯಂ ಲವಣ ಇರುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಡೆದ ದಿನವೇ ತೊಳೆಯದಿದ್ದರೆ ನಿಪಲ್ (ಕ್ಯಾಪ್ ಕೂರುವ ಪುಟ್ಟ ಮೊಳೆ) ಸಿಲಿಂಡರಿಗೆ ಬೆಸೆದ ಹಾಗೆ. ಸಿಲಿಂಡರನ್ನು ಬಿಸಿನೀರಲ್ಲಿ ಮುಳುಗಿಸಿ, ಸರಿಯಾದ ಸಾಕೆಟ್ ವ್ರೆಂಚ್ ಹಾಕಿ, ಬಿಚ್ಚಿದ ಮೇಲೆ ಥ್ರೆಡ್‌ಗೆ ಮತ್ತೆ ಕಚ್ಚದ ಹಾಗೆ ಆಂಟಿ ಸೀಜ್ ಗ್ರೀಸ್ ಬಳಿಯುವುದು. ನನ್ನ ರೂಗರ್ ಓಲ್ಡ್ ಆರ್ಮಿ ರಿವಾಲ್ವರಿಗೆ ಪಿಯೆಟ್ಟಾ ಕಂಪನಿಯ ನಿಪಲ್ ತಿರುಗಿಸಲು ನೋಡಿದ ಬುದ್ಧಿವಂತನೊಬ್ಬ ಇದ್ದ. ರೂಗರಿನ ಥ್ರೆಡ್ ಇಂಚಿನ ಅಳತೆಯ 12-28, ಅದರದು 6×0.75 ಮಿಮೀ. ಸಿಲಿಂಡರ್ ಥ್ರೆಡ್ ಹೋಯಿತು, ಗೆಳೆತನವೂ ಹೋಯಿತು. ಗ್ರಿಪ್‌ಗೂ ಬಿಸಿನೀರು ಹೊಯ್ದು ನೋಡಿ.

ಹಳೇಬಂದೂಕು:
ಮರಕ್ಕೆ ಬಿಸಿನೀರು! ಒಬ್ಬರು ಸುಡು ಅಂತಾರೆ, ಇನ್ನೊಬ್ಬರು ಬೇಯಿಸು ಅಂತಾರೆ.

ಕರಿಮದ್ದು:
ನೀರನ್ನು ಹೀಗಳೆಯಬೇಡಿ. ನಿಮ್ಮ ಯುದ್ಧಕಾಲದ .45 ಗುಂಡಿನ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಪೊಟ್ಯಾಶಿಯಂ ಕ್ಲೋರೇಟ್ ಇತ್ತು, ಉರಿದ ಮೇಲೆ ಉಳಿಯುವುದು ಉಪ್ಪು. ಉಪ್ಪನ್ನು ಕರಗಿಸುವುದು ನೀರು, ಎಣ್ಣೆಯಲ್ಲ.

ವೈಸ್ ಮೇಜು:
ಯಾರೂ ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ. ಕೆಳಗಿನದು ಬುಶಿಂಗ್ ಸಮೇತ ಬರುತ್ತಿದ್ದರೆ ಬರಲಿ ಬಿಡಿ. ಪೂರ್ತಿ ಹೊರಬಂದ ಮೇಲೆ ಬುಶಿಂಗನ್ನು ತಾಮ್ರದ ತಗಡು ಹಾಕಿದ ವೈಸಿನಲ್ಲಿ ಹಿಡಿದು ಸ್ಕ್ರೂ ಬಿಚ್ಚಬಹುದು. ಆ ಬುಶಿಂಗ್ ಹಾಳಾದರೂ ಬೇರೆ ಹಾಕಿ, ಅದು ಬದಲಿಸುವ ಭಾಗವೇ. ಫ್ರೇಮಿನ ಥ್ರೆಡ್ ಮಾತ್ರ ಇಂಚಿಗೆ 60, ಕೂದಲೆಳೆಯಷ್ಟು ಸಣ್ಣದು. ಹೊಸದನ್ನು ಬೆರಳಲ್ಲೇ ನೇರ ಹತ್ತಿಸಿ, ಓರೆ ಹತ್ತಿದರೆ ಕಥೆ ಮುಗಿಯಿತು. ಮೇಲಿನದಕ್ಕೆ ಎಣ್ಣೆ ಸೂಜಿಯಲ್ಲಿ ಒಂದು ಹನಿ, ಮರಕ್ಕೆ ತಾಗದ ಹಾಗೆ.

ನನಗೆ ಸಿಟ್ಟಿರುವುದು ಹಾಳಾದ ಸ್ಕ್ರೂ ಕೀಳುವ ಎಕ್ಸ್‌ಟ್ರಾಕ್ಟರ್ ಮೇಲೆ. ಸೀಳು ಹೋದ ಸ್ಕ್ರೂಗೆ ತೂತು ಕೊರೆದು ಅದನ್ನು ತಿರುಪಿದರೆ ಬರುತ್ತದೆ ಅಂತ ಎಲ್ಲರೂ ಹೇಳಿದರು. ತಿರುಪಿದೆವು, ಒಳಗೇ ಮುರಿಯಿತು. ಅದರ ಉಕ್ಕು ಬಲು ಗಟ್ಟಿ. ಮಾಮೂಲಿ ಡ್ರಿಲ್ ಜಾರಿ ಪಕ್ಕದ ಫ್ರೇಮ್ ತಿಂದಿತು. ಕಾರ್ಬೈಡ್ ತುದಿ ತಂದೆ, ಅದೂ ಚೂರಾಯಿತು. ಕೊನೆಗೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಕೆಲಸ) ಮಾಡುವವರ ಹತ್ತಿರ ಹೋಗಬೇಕಾಯಿತು. ದೊಡ್ಡ ದೊಡ್ಡ ಡೈ ಮಾಡುವ ಜಾಗ ಅದು, ನನ್ನ ಚಿಕ್ಕ ಸ್ಕ್ರೂ ನೋಡಿ ನಕ್ಕರು, ದುಡ್ಡು ಮಾತ್ರ ಡೈ ಲೆಕ್ಕದಲ್ಲೇ ತೆಗೆದುಕೊಂಡರು.

ಬಿಸಿಮುಟ್ಟು:
ಮೊದಲೇ ಬಿಸಿ ಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ ಅಲ್ವಾ?

ವೈಸ್ ಮೇಜು:
ಅಲ್ಲಿ ಲಾಕ್‌ಟೈಟೇ ಇರಲಿಲ್ಲ. ಬರೀ ತುಕ್ಕು. ನಿಮ್ಮ ಕೈಲಿ ಸೋಲ್ಡರಿಂಗ್ ಐರನ್ ಇದೆ ಅಂತ ಎಲ್ಲ ರೋಗಕ್ಕೂ ಅದೇ ಮದ್ದಲ್ಲ.

ಹೊಸಗೈ:
ಕೆಳಗಿನದು ಬುಶಿಂಗ್ ಸಮೇತ ಬಂತು. ಥ್ಯಾಂಕ್ಸ್. ಹೊಸ ಬುಶಿಂಗ್ ಮತ್ತೆ ಎದ್ದು ಬರದ ಹಾಗೆ ಏನು ಮಾಡಲಿ? ಅಂಟು ಹಾಕಬೇಕಾ?

ವೈಸ್ ಮೇಜು:
ಬುಶಿಂಗಿನ ಹೊರ ಥ್ರೆಡ್‌ಗೆ ಹಾಕಿ, ಒಳಗಿನ ಸ್ಕ್ರೂಗೆ ಒಂದು ತೊಟ್ಟೂ ತಾಗಬಾರದು. ಸ್ಕ್ರೂ ಸಡಿಲ ಆಗದಿರಲು ಅದರ ತಲೆಯ ಅಡಿ ಪುಟ್ಟ ರಬ್ಬರ್ ಓ-ರಿಂಗ್ ಸಾಕು.

ಹಳೇಬಂದೂಕು:
ಅಂಟು ಯಾಕೆ? ಸೇನೆಯ ಪಿಸ್ತೂಲುಗಳಲ್ಲಿ ಬುಶಿಂಗ್ ಅಂಚನ್ನು ಮ್ಯಾಗಜಿನ್ ಗೂಡಿನ ಒಳಗಿನಿಂದ ಬಡಿದು ಅಗಲಿಸುತ್ತಿದ್ದರು. ಸ್ಟೇಕ್ ಮಾಡುವುದು ಅಂದರೆ ಅದು. ಓ-ರಿಂಗ್ ಅಂತೆ!

ವೈಸ್ ಮೇಜು:
ಒಂದು ಏಟು ಜಾಸ್ತಿ ಬಿದ್ದರೆ ಅಂಚು ಗೂಡಿನೊಳಗೆ ಚಾಚಿ ಮ್ಯಾಗಜಿನ್ ಉಜ್ಜುತ್ತದೆ. ಅದನ್ನು ಅರದಿಂದ ಉಜ್ಜಿ ಸರಿಮಾಡುವವರು ಯಾರು, ನೀವು ಬರ್ತೀರಾ?

ಹಳೇಬಂದೂಕು:
ಸರಿಯಾದ ಪಂಚ್ ಇದ್ದರೆ ಉಜ್ಜುವುದಿಲ್ಲ. ಆಮೇಲೆ ಅದೇ ಬುಶಿಂಗ್ ಬಿಚ್ಚಲು ಬರುವವನಿಗೆ ಅಂಟಿಗಿಂತ ಇದೇ ಸುಲಭ.

ಬಿಸಿಮುಟ್ಟು:
ಸುಳ್ಳು. ಸ್ಟೇಕ್ ಮಾಡಿದ್ದನ್ನು ತಿರುಗಿಸಿದರೆ ಅಗಲಿಸಿದ ಅಂಚು ಫ್ರೇಮಿನ ಥ್ರೆಡ್ ಮೇಲೆ ಹಾದುಬರುತ್ತದೆ. ಅಂಟಾದರೆ ಬಿಸಿ ಕೊಟ್ಟರೆ ಬಿಡುತ್ತದೆ.

ಅಲ್ಯೂಮಿನಿಯಂ ಸಂತ್ರಸ್ತ:
ಮತ್ತೆ ಬಿಸಿಗೇ ಬಂದರು ನೋಡಿ.