ಟರ್ಬೊ ಕಾರಿಗೆ ಗೇಜ್ ಹಾಕಿಸೋದು: ಯಾವುದು ಮೊದಲು?

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ರೀಮ್ಯಾಪ್ ಆಗಿದೆ, ಅಂದ್ರೆ ಅದರ ಸಾಫ್ಟ್‌ವೇರ್ ಬದಲಾಗಿದೆ, ಇಂಜಿನ್ ಒಳಗೆ ಏನೂ ಮುಟ್ಟಿಲ್ಲ. ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲೆ ಬೂಸ್ಟ್ (ಟರ್ಬೊ ತಳ್ಳೋ ಗಾಳಿಯ ಒತ್ತಡ), ಆಯಿಲ್ ಪ್ರೆಶರ್, ಏರ್-ಫ್ಯೂಯಲ್ (ಗಾಳಿ-ಪೆಟ್ರೋಲ್ ಅನುಪಾತ) ಮೂರೂ ಕೂರಿಸೋ ಆಸೆ, ಆದ್ರೆ ಒಂದೊಂದಾಗಿ. ಯಾವುದರಿಂದ ಶುರು ಮಾಡಲಿ? ಹಾಕಿಸಿದವರು ಅನುಭವ ಹೇಳಿ.

ಉತ್ತರ 1: ಆಯಿಲ್ ಪ್ರೆಶರ್, ಕಣ್ಣು ಮುಚ್ಕೊಂಡು. ಬೂಸ್ಟ್ ಮುಳ್ಳು ಏರೋದು ನೋಡೋಕೆ ಮಜಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಬೂಸ್ಟ್ ಎಷ್ಟಿದೆ ಅಂತ ಇಸಿಯುಗೆ ಮೊದಲೇ ಗೊತ್ತು, ಓಬಿಡಿ ಪೋರ್ಟ್‌ಗೆ (ಕಾರಿನ ದೋಷ ಓದೋ ಸಾಕೆಟ್) ಡಾಂಗಲ್ ಸಿಕ್ಕಿಸಿದ್ರೆ ಫೋನಲ್ಲೂ ನೋಡಬಹುದು. ಆಯಿಲ್ ಪ್ರೆಶರ್ ಕತೆ ಬೇರೆ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಇರೋದು ಬರೀ ಒಂದು ಸ್ವಿಚ್. ಒತ್ತಡ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲಷ್ಟೇ ಕೆಂಪು ದೀಪ ಹತ್ತುತ್ತೆ. 4 ಬಾರ್ ಇರಬೇಕಾದ ರೆವ್‌ನಲ್ಲಿ 1 ಬಾರ್ ಇದ್ರೂ ಅಂಥ ಸ್ವಿಚ್ ತುಟಿ ಬಿಚ್ಚಲ್ಲ. ಅತ್ತ ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗ್ತಾ ಇರುತ್ತೆ, ಹೆಚ್ಚಿನ ಟರ್ಬೊಗಳಲ್ಲಿ ಅದಕ್ಕೆ ಆಧಾರ ತೆಳು ಆಯಿಲ್ ಪದರ ಮಾತ್ರ.

ಹಾಕೋದು ಹೇಗೆ ಅಂದ್ರೆ, ಆಯಿಲ್ ಫಿಲ್ಟರ್ ಮತ್ತು ಬ್ಲಾಕ್ ನಡುವೆ, ಸೆಂಡರ್ (ಒತ್ತಡ ಅಳೆದು ಗೇಜ್‌ಗೆ ಕಳಿಸೋ ಸೆನ್ಸರ್) ಸಿಕ್ಕಿಸೋಕೆ ತೂತಿರೋ ಸ್ಯಾಂಡ್‌ವಿಚ್ ಪ್ಲೇಟ್ ಕೂರಿಸೋದು ಸುಲಭದ ದಾರಿ. ಫಿಲ್ಟರ್ ಥ್ರೆಡ್ ನೋಡಿಕೊಂಡೇ ಪ್ಲೇಟ್ ತಗೊಳ್ಳಿ. ಸೆಂಡರ್ ಥ್ರೆಡ್ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು: 1/8 ಎನ್‌ಪಿಟಿಗೆ (ಅಮೆರಿಕನ್ ಪೈಪ್ ಥ್ರೆಡ್) ಇಂಚಿಗೆ 27 ಹಲ್ಲು, 1/8 ಬಿಎಸ್‌ಪಿಟಿಗೆ (ಬ್ರಿಟಿಷ್ ಥ್ರೆಡ್) 28. ಕಣ್ಣಿಗೆ ಎರಡೂ ಒಂದೇ. ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಬಿಗಿ ಬರುತ್ತೆ. ಸೀಲ್ ಆಗ್ತಿದೆ ಅಂದ್ಕೊಂಡು ಸ್ಪ್ಯಾನರ್ ಒತ್ತಿದ್ರೆ ಅಲ್ಯೂಮಿನಿಯಂ ಥ್ರೆಡ್ ಹೋಯ್ತು ಅಂತ್ಲೇ ಲೆಕ್ಕ. ಒಂದೇ ವೈರ್‌ನ ಸೆಂಡರ್ ಆದ್ರೆ ಅದರ ಬಾಡಿಯೇ ಅರ್ಥ್. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ರೆ ಅರ್ಥ್ ಸರಿಯಾಗಿ ಸಿಗದೆ ರೀಡಿಂಗ್ ಹುಚ್ಚುಚ್ಚಾಗಿ ಕುಣಿಯುತ್ತೆ.

ಇನ್ನು ಸ್ವಿಚ್ ಇದ್ದ ಜಾಗಕ್ಕೇ ಟೀ (T ಆಕಾರದ ಜಾಯಿಂಟ್) ಹಾಕ್ತೀನಿ ಅನ್ನೋರಿಗೆ: ಕಂಪನಿಯ ಸ್ವಿಚ್ ತೆಗೆದು ಬಿಸಾಕಬೇಡಿ, ಆ ದೀಪವೂ ಇರಲಿ. ಸೆಂಡರ್ ತೂಕದ್ದು. ಹಿತ್ತಾಳೆ ಟೀ ತುದಿಗೆ ನೇತು ಹಾಕಿದ್ರೆ ಇಂಜಿನ್ ಅದುರಿ ಅದುರಿ ಕುತ್ತಿಗೆ ಹತ್ರ ಮುರಿಯುತ್ತೆ, ಆಯಿಲ್ ಎಲ್ಲ ಹೊರಗೆ. ಬ್ರೇಡೆಡ್ ಹೋಸ್ ಎಳೆದು ಸೆಂಡರನ್ನ ಬೇರೆ ಕಡೆ ಕ್ಲ್ಯಾಂಪ್ ಮಾಡಿ, ಆ ಕ್ಲ್ಯಾಂಪ್‌ಗೆ ಪ್ರತ್ಯೇಕ ಅರ್ಥ್ ವೈರ್ ಕೊಡಿ. ಮೆಕ್ಯಾನಿಕಲ್ ಆಯಿಲ್ ಗೇಜ್ ಅಂತೂ ಬೇಡವೇ ಬೇಡ. ಸಣ್ಣ ಟ್ಯೂಬಲ್ಲಿ ಕಾದ ಆಯಿಲ್ ಡ್ಯಾಶ್‌ಬೋರ್ಡ್ ತನಕ ಬರುತ್ತೆ, ಟ್ಯೂಬ್ ಬಿಟ್ರೆ ಅದು ಬೀಳೋದು ನಿಮ್ಮ ಕಾಲ ಮೇಲೆ.

ಉತ್ತರ 2: ಮೇಲಿನವರ ಮಾತು ಸರಿ, ಆದ್ರೂ ಬೂಸ್ಟ್ ಗೇಜನ್ನ ಅಷ್ಟು ಹಗುರ ಮಾಡಬೇಡಿ ಸ್ವಾಮಿ. ವ್ಯಾಕ್ಯೂಮ್ ಕೂಡ ತೋರಿಸೋ ಗೇಜ್ ಆದ್ರೆ ಅದು ಇಂಜಿನ್ನಿನ ನಾಡಿ ಇದ್ದ ಹಾಗೆ. ಆರೋಗ್ಯವಾಗಿರೋ ಎಷ್ಟೋ ಪೆಟ್ರೋಲ್ ಇಂಜಿನ್‌ಗಳು ಐಡಲ್‌ನಲ್ಲಿ ಮೈನಸ್ 0.6, 0.7 ಬಾರ್ ಹತ್ರ ನಿಲ್ತವೆ. ಎತ್ತರದ ಜಾಗದಲ್ಲಿ ಅಷ್ಟು ಬರಲ್ಲ, ಗಾಬರಿ ಬೇಡ. ಮುಳ್ಳು ಒಂದೇ ಸಮ ನಡುಗ್ತಿದ್ರೆ ಎಲ್ಲೋ ವಾಲ್ವ್ ಅಥವಾ ಮಿಸ್‌ಫೈರ್ ತೊಂದರೆ ಇದೆಯಾ ಅಂತ ನೋಡಿ.

ಲೈನ್ ಥ್ರಾಟಲ್ ಬಾಡಿ ಆದ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕಡೆಯಿಂದ ತಗೊಳ್ಳಿ. ಇಂಟರ್‌ಕೂಲರ್ ಪೈಪಿಂದ ತಗೊಂಡ್ರೆ ವ್ಯಾಕ್ಯೂಮ್ ಕಾಣಲ್ಲ. ಬ್ರೇಕ್ ಬೂಸ್ಟರ್ ಹೋಸ್ ಮುಟ್ಟಬೇಡಿ. ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಲೈನಿಗೂ ಟೀ ಹಾಕಬೇಡಿ, ಅಲ್ಲಿ ಗಾಳಿ ಸೋರಿದ್ರೆ ಬೂಸ್ಟಲ್ಲಿ ಪೆಟ್ರೋಲ್ ಒತ್ತಡ ಏರೋದಿಲ್ಲ, ಇಂಜಿನ್ ಲೀನ್ (ಗಾಳಿಗೆ ಪೆಟ್ರೋಲ್ ಕಮ್ಮಿ) ಓಡುತ್ತೆ. ಟೀ ಎರಡೂ ಕಡೆ ಕ್ಲಿಪ್ ಇರಲಿ, ಹೋಸ್ ಸಿಲಿಕಾನಿಂದೇ ಇರಲಿ, ಟರ್ಬೊ ಹತ್ರ ಹಾಯಿಸಬೇಡಿ.

ಉತ್ತರ 3: ಏರ್-ಫ್ಯೂಯಲ್ ಬಗ್ಗೆ ಎರಡೇ ಮಾತು. ನ್ಯಾರೋಬ್ಯಾಂಡ್ ಗೇಜ್ (ಪೆಟ್ರೋಲ್ ಹೆಚ್ಚೋ ಕಮ್ಮಿಯೋ ಅಂತಷ್ಟೇ ಹೇಳೋದು) ಬರೀ ದೀಪಾಲಂಕಾರ, ರೀಮ್ಯಾಪ್ ಕಾರಿಗೆ ವೈಡ್‌ಬ್ಯಾಂಡೇ (ಅನುಪಾತ ಎಷ್ಟು ಅಂತ ಅಳೆಯೋದು) ಬೇಕು. ಸೆನ್ಸರ್ ಹೆಚ್ಚಾಗಿ ಬಾಷ್ ಎಲ್‌ಎಸ್‌ಯು 4.9 ಇರುತ್ತೆ. ಟರ್ಬೊ ಆದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಎಕ್ಸಾಸ್ಟ್ ಪೈಪಿಗೆ ಬಂಗ್ (ಸೆನ್ಸರ್ ಕೂರೋ ಥ್ರೆಡ್ ಇರೋ ಬಳೆ) ವೆಲ್ಡ್ ಮಾಡಿಸಿ. ಸೆನ್ಸರ್ ಮಲಗಿರಬಾರದು, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಎತ್ತಿರಬೇಕು, ಇಲ್ಲಾಂದ್ರೆ ಸೈಲೆನ್ಸರ್ ನೀರು ಒಳಗೆ ನಿಂತು ಕಾದ ಸೆರಾಮಿಕ್ ಒಡೆಯುತ್ತೆ. ವೈರಿಂಗ್ ಆಮೇಲೆ ಮಾಡೋಣ ಅಂತ ಸೆನ್ಸರ್ ಮಾತ್ರ ಸಿಕ್ಕಿಸಿ ಗಾಡಿ ಓಡಿಸೋರಿದ್ದಾರೆ. ಹೀಟರ್‌ಗೆ ಕರೆಂಟ್ ಇಲ್ಲದೆ ಎಕ್ಸಾಸ್ಟಲ್ಲಿ ಕೂತ್ರೆ ಅದಕ್ಕೆ ಮಸಿ ಹಿಡಿದು ಕೆಡುತ್ತೆ. ಇನ್ನೊಂದು: ಲ್ಯಾಂಬ್ಡಾ (ಇರೋ ಗಾಳಿ-ಇಂಧನ ಅನುಪಾತ ಭಾಗಿಸು ಸರಿಯಾಗಿ ಉರಿಯೋಕೆ ಬೇಕಾದ ಅನುಪಾತ) ಲೆಕ್ಕದಲ್ಲೇ ಓದೋದು ಅಭ್ಯಾಸ ಮಾಡಿ. ಒಂದು ಪಾಲು ಇಂಧನಕ್ಕೆ ತೂಕದಲ್ಲಿ 14.7 ಪಾಲು ಗಾಳಿ ಅನ್ನೋದು ಶುದ್ಧ ಪೆಟ್ರೋಲ್ ಲೆಕ್ಕ. ಎಥೆನಾಲ್ ಬೆರೆತಷ್ಟೂ ಅದು ಕೆಳಗಿಳಿಯುತ್ತೆ, ಲ್ಯಾಂಬ್ಡಾ 1 ಮಾತ್ರ ಯಾವ ಇಂಧನಕ್ಕೂ 1.

ಉತ್ತರ 4: ಎ-ಪಿಲ್ಲರ್ ಅಂದ್ರಲ್ಲ, ಒಳಗೆ ಕರ್ಟನ್ ಏರ್‌ಬ್ಯಾಗ್ ಇದೆಯಾ ಮೊದಲು ನೋಡಿ. ಇದ್ರೆ ಅಲ್ಲಿಗೆ ಸ್ಕ್ರೂ ಹೊಡೆಯೋದೂ ಬೇಡ, ಪಾಡ್ (ಗೇಜ್ ಕೂರೋ ಡಬ್ಬಿ) ಅಂಟಿಸೋದೂ ಬೇಡ. ಸ್ಟೀರಿಂಗ್ ಕಾಲಂ ಮೇಲೆ ಅಥವಾ ಎಸಿ ವೆಂಟಲ್ಲಿ 52 ಎಂಎಂ ಪಾಡ್ ಹಾಕಿ. ಹಳದಿ ಕನೆಕ್ಟರ್ (ಏರ್‌ಬ್ಯಾಗಿನದು) ಕಂಡ್ರೆ ಕೈ ಹಿಂದಕ್ಕೆ. ಕರೆಂಟನ್ನ ಫ್ಯೂಸ್ ಟ್ಯಾಪಿಂದ ತಗೊಳ್ಳಿ, ವೈರ್ ಸುಲಿದು ಸುತ್ತೋದಲ್ಲ. ಗೇಜ್‌ಗಳ ಅರ್ಥ್ ಎಲ್ಲ ಒಂದೇ ಬೋಲ್ಟಿಗೆ ಬಂದ್ರೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಿಗಿಯೋದು ಕಮ್ಮಿ. ಫೈರ್‌ವಾಲ್‌ಗೆ ಹೊಸ ತೂತು ಬೇಡ, ಇರೋ ರಬ್ಬರ್ ಗ್ರಾಮೆಟಲ್ಲೇ ವೈರ್ ತೂರಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಆಯಿಲ್ ಪ್ರೆಶರೇ ಮೊದಲು, ಪಾಡ್ ಕಾಲಂ ಮೇಲೆ. ಒಂದು ಅನುಮಾನ: 1000 ಆರ್‌ಪಿಎಂಗೆ 10 ಪಿಎಸ್‌ಐ (ಸುಮಾರು 0.7 ಬಾರ್) ಇರಬೇಕು ಅಂತಾರೆ, ಅದನ್ನೇ ನಂಬಲಾ?

ಉತ್ತರ 1: ಹಳೇ ಇಂಜಿನ್‌ಗೆ ಅಂದಾಜಿಗೆ ಸರಿ. ಹೊಸ ಕಾರುಗಳಲ್ಲಿ ಎರಡು ಹಂತದ ಆಯಿಲ್ ಪಂಪ್ ಇದ್ರೆ ನಿಧಾನವಾಗಿ ಹೋಗುವಾಗ ಇಸಿಯು ಬೇಕಂತಲೇ ಒತ್ತಡ ಇಳಿಸುತ್ತೆ, ಜೋರು ಒತ್ತಿದಾಗ ಏರಿಸುತ್ತೆ. ಅದು ಗೊತ್ತಿಲ್ಲದೆ ಪಂಪ್ ಬಿಚ್ಚಿಸಿದವರಿದ್ದಾರೆ. ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ಯಾವ ತಾಪಕ್ಕೆ, ಯಾವ ರೆವ್‌ಗೆ ಎಷ್ಟು ಅಂತ ಇರುತ್ತೆ, ಅದನ್ನ ಇಟ್ಕೊಳ್ಳಿ. ಗೇಜ್ ಹಾಕಿದ ಮೇಲೆ ಆಯಿಲ್ ಪೂರ್ತಿ ಕಾದಾಗ ಐಡಲ್‌ನಲ್ಲಿ ಎಷ್ಟು, 3000ಕ್ಕೆ ಎಷ್ಟು ಬರ್ಕೊಂಡು, ವಾರ್ನಿಂಗನ್ನ ಬಿಸಿ ಐಡಲ್ ರೀಡಿಂಗ್‌ಗಿಂತ ಸ್ವಲ್ಪ ಕೆಳಗೆ ಸೆಟ್ ಮಾಡಿ. ರೆವ್ ಪ್ರಕಾರ ಬೇರೆ ಬೇರೆ ಮಿತಿ ಇಡೋ ಗೇಜ್ ಸಿಕ್ರೆ ಇನ್ನೂ ಒಳ್ಳೇದು. ಬಜರ್ ಇರೋದೇ ತಗೊಳ್ಳಿ, ಪೂರ್ತಿ ಬೂಸ್ಟಲ್ಲಿ ಇರುವಾಗ ಕಣ್ಣು ರಸ್ತೆ ಮೇಲಿರುತ್ತೆ.