ಕಾಲೇಜು ಫುಟ್ಬಾಲಿನ ‘ಪ್ರೋಗ್ರಾಮ್’: ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸಣ್ಣ ಕಾಲೇಜುಗಳ ಫುಟ್ಬಾಲ್ ಇತಿಹಾಸವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಇಲ್ಲಿ ಫುಟ್ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ. ಟಚ್‌ಡೌನ್, ಕ್ವಾರ್ಟರ್‌ಬ್ಯಾಕ್ ಮುಂತಾದ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ನನ್ನನ್ನು ಕಾಡುತ್ತಿರುವುದು ಎಲ್ಲರಿಗೂ ಪರಿಚಿತವಾದ ‘ಪ್ರೋಗ್ರಾಮ್’ ಎಂಬ ಪದ. ಅಲ್ಲಿ ಅದರ ಅರ್ಥ, ಆಟಗಾರರು ಬದಲಾದರೂ ಕಾಲೇಜು ವರ್ಷ ವರ್ಷ ನಡೆಸಿಕೊಂಡು ಬರುವ ಫುಟ್ಬಾಲಿನ ಇಡೀ ಏರ್ಪಾಡು.

ಮೊದಲ ಕರಡಿನಲ್ಲಿ ‘1939ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವು ತನ್ನ ಫುಟ್ಬಾಲ್ ಕಾರ್ಯಕ್ರಮವನ್ನು ರದ್ದುಪಡಿಸಿತು’ ಎಂದು ಬರೆದಿದ್ದೆ. ಅದನ್ನು ಓದಿದ ನನ್ನ ತಂಗಿ, ‘ಯಾಕೆ, ಅವತ್ತು ಮಳೆ ಬಂದಿತ್ತಾ?’ ಎಂದು ಕೇಳಿದಳು. ಕನ್ನಡದಲ್ಲಿ ಕಾರ್ಯಕ್ರಮವೆಂದರೆ ಆಹ್ವಾನ ಪತ್ರಿಕೆಯಲ್ಲಿ ತಾರೀಖು ಅಚ್ಚಾಗಿರುವಂಥದ್ದು, ಪ್ರಾರ್ಥನೆಯಿಂದ ಶುರುವಾಗಿ ವಂದನಾರ್ಪಣೆಯೊಂದಿಗೆ ಮುಗಿಯುವಂಥದ್ದು. ಆದ್ದರಿಂದ ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಶಿಕಾಗೊದಲ್ಲಿ ನಿಂತುಹೋದದ್ದು ಒಂದು ದಿನದ ಆಟವಲ್ಲ. ಅಮೋಸ್ ಅಲೊಂಜೊ ಸ್ಟ್ಯಾಗ್ 1892ರಿಂದ 1932ರವರೆಗೆ ತರಬೇತುದಾರರಾಗಿ ಬೆಳೆಸಿದ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ, ಇಂದು ಹೈಸ್ಮನ್ ಎಂದು ಕರೆಯಲಾಗುವ ಟ್ರೋಫಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್ವಾಂಗರ್ ಅವರನ್ನು ತಯಾರು ಮಾಡಿದ ಇಡೀ ಏರ್ಪಾಡನ್ನೇ ವಿಶ್ವವಿದ್ಯಾಲಯ ಕೈಬಿಟ್ಟಿತು. ಹಾಗೆ ತೆರವಾದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೇ 1942ರ ಡಿಸೆಂಬರಿನಲ್ಲಿ ಮನುಷ್ಯ ನಿರ್ಮಿತವಾದ, ತಾನಾಗಿಯೇ ಮುಂದುವರಿಯುವ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಯಿತು. 1969ರಲ್ಲಿ ಫುಟ್ಬಾಲ್ ಮರಳಿ ಬಂದಿತಾದರೂ ಹಳೆಯ ವೈಭವ ಬರಲಿಲ್ಲ. ಈಗ ಶಿಕಾಗೊ, ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಮೂರನೆಯ ಡಿವಿಷನ್ನಿನಲ್ಲಿ ಸಣ್ಣ ಕಾಲೇಜುಗಳ ಜೊತೆ ಆಡುತ್ತದೆ. ಇಷ್ಟನ್ನೆಲ್ಲ ‘ಕಾರ್ಯಕ್ರಮ’ ಹೊರಲಾರದು.

‘ತಂಡ’ ಎಂದರೆ ಸಾಲದೇ ಎಂದು ಕೆಲವರು ಕೇಳಬಹುದು. ‘ಕರ್ನಾಟಕ ತಂಡ 1973–74ರಲ್ಲಿ ಮೊದಲ ಸಲ ರಣಜಿ ಗೆದ್ದಿತು’ ಎನ್ನುವಾಗ ತಂಡವೆಂಬ ಪದ ತಲೆಮಾರುಗಳನ್ನು ದಾಟುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಕೆಂಟಕಿಯ ಡ್ಯಾನ್‌ವಿಲ್ ಎಂಬ ಊರಿನ ಪುಟ್ಟ ಸೆಂಟರ್ ಕಾಲೇಜು 1921ರ ಅಕ್ಟೋಬರ್ 29ರಂದು ಹಾರ್ವರ್ಡನ್ನು 6–0ಯಿಂದ ಸೋಲಿಸಿದ್ದನ್ನು ಹೇಳಲು ಈ ಪದ ಸಾಕು. ಗೆಲುವಿನ ಸಂಭ್ರಮದಲ್ಲಿ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಸೂತ್ರದ ಹಾಗೆ ‘ಸಿ6 ಎಚ್0’ (ಸೆಂಟರ್ 6, ಹಾರ್ವರ್ಡ್ 0) ಎಂದು ಬಣ್ಣದಲ್ಲಿ ಬರೆದರು. ಆ ಬರಹ ಕಾಲೇಜಿನ ಗೋಡೆಯೊಂದರ ಮೇಲೆ ಉಳಿದುಕೊಂಡು ಬಂದಿದೆ. ಗೆದ್ದದ್ದು ತಂಡ. ಆದರೆ ಆ ತಂಡ ಚದುರಿದ ಮೇಲೂ ಕಾಲೇಜಿನಲ್ಲಿ ಉಳಿದದ್ದಕ್ಕೆ ಏನೆನ್ನಬೇಕು?

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನನ್ನ ಮುಂದಿದೆ. 1892ರ ಡಿಸೆಂಬರ್ 27ರಂದು ಉತ್ತರ ಕೆರೊಲಿನಾದ ಸಾಲ್ಸ್‌ಬರಿಯಲ್ಲಿ ಬಿಡಲ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಕಪ್ಪು ಜನರ ಕಾಲೇಜುಗಳು ಹಿಮ ಬೀಳುತ್ತಿರುವಾಗಲೇ, ಲಿವಿಂಗ್‌ಸ್ಟನ್ನಿನ ಹುಲ್ಲುಹಾಸಿನ ಮೇಲೆ ಆಡಿದವು. ಕಪ್ಪು ಜನರ ಕಾಲೇಜುಗಳ ನಡುವಿನ ಮೊದಲ ಫುಟ್ಬಾಲ್ ಪಂದ್ಯವದು. ಹುಡುಗರು ದಿನನಿತ್ಯದ ಬೂಟುಗಳ ಅಡಿಗೇ ಮೊಳೆ ಹೊಡೆಸಿಕೊಂಡಿದ್ದರು. ಆಟದ ಉಡುಪನ್ನು ಕಾಲೇಜಿನ ಹೊಲಿಗೆ ವಿಭಾಗದ ಹುಡುಗಿಯರು ಹೊಲಿದುಕೊಟ್ಟಿದ್ದರು. ಅಲ್ಲಿ ತಂಡವಿತ್ತು, ಪ್ರೋಗ್ರಾಮ್ ಎನ್ನುವಂಥದ್ದು ಇನ್ನೂ ಹುಟ್ಟಿರಲಿಲ್ಲ. ಈ ಹುಡುಗಿಯರ ಸೂಜಿ-ದಾರದಿಂದ ಶುರುವಾದದ್ದು ಮುಂದೆ ತರಬೇತುದಾರ, ಮೈದಾನ, ವಾರ್ಷಿಕ ಖರ್ಚುವೆಚ್ಚಗಳಿರುವ ವ್ಯವಸ್ಥೆಯಾಗಿ ಹೇಗೆ ಬೆಳೆಯಿತು ಎಂಬುದೇ ನನ್ನ ಲೇಖನದ ವಸ್ತುವಾಗಿರುವುದರಿಂದ, ಎರಡಕ್ಕೂ ಒಂದೇ ಪದ ಬಳಸಿದರೆ ಹೇಳಬೇಕಾದದ್ದೇ ಅಳಿಸಿಹೋಗುತ್ತದೆ.

ನಮ್ಮಲ್ಲೇ ಇರುವ ಎರಡು ಪದಗಳನ್ನು ಇಟ್ಟು ನೋಡಿದೆ. ‘ಇಂಥ ಉಸ್ತಾದರ ಗರಡಿಯಲ್ಲಿ ಪಳಗಿದವನು’ ಎಂಬಲ್ಲಿನ ‘ಗರಡಿ’ಗೆ ಗುರುವೂ ಉಂಟು, ಪರಂಪರೆಯೂ ಉಂಟು, ಆದರೆ ‘ಗರಡಿ ಸೋತಿತು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಯಕ್ಷಗಾನದ ‘ಮೇಳ’ ಇನ್ನೂ ಹತ್ತಿರದ್ದು. ಕಲಾವಿದರು ಬದಲಾದರೂ ಮೇಳ ಉಳಿಯುತ್ತದೆ, ಅದಕ್ಕೆ ಯಜಮಾನರಿದ್ದಾರೆ, ವರ್ಷ ವರ್ಷದ ತಿರುಗಾಟವಿದೆ, ಅದು ನಿಂತುಹೋಗಿ ಮತ್ತೆ ಹೊರಡುವುದೂ ಉಂಟು. ಆದರೆ ಪುಸ್ತಕ ಮೇಳ, ಉದ್ಯೋಗ ಮೇಳಗಳ ಈ ಕಾಲದಲ್ಲಿ ‘ಫುಟ್ಬಾಲ್ ಮೇಳ’ ಎಂದರೆ ಓದುಗರ ಕಣ್ಣಿಗೆ ಕಟ್ಟುವುದು ಪೆಂಡಾಲು.

ಸದ್ಯಕ್ಕೆ ನಾಮಪದದ ಗೊಡವೆ ಬಿಟ್ಟು ಕ್ರಿಯಾಪದವನ್ನು ಹಿಡಿದಿದ್ದೇನೆ. ಹುಡುಗರು ಆಟ ಆಡುತ್ತಾರೆ, ಕಾಲೇಜು ಆಡಿಸುತ್ತದೆ. ‘ಶಿಕಾಗೊ 1939ರಲ್ಲಿ ಫುಟ್ಬಾಲ್ ಆಡಿಸುವುದನ್ನೇ ಬಿಟ್ಟಿತು’ ಎಂದು ತಿದ್ದಿದ ಮೇಲೆ ತಂಗಿ ಮಳೆಯ ಬಗ್ಗೆ ಕೇಳಲಿಲ್ಲ. ‘ಆಡಿಸು’ ಎಂಬ ಒಂದು ಪ್ರೇರಣಾರ್ಥಕ ರೂಪದಲ್ಲಿ ಖರ್ಚು, ಹೊಣೆ, ಇಚ್ಛೆ ಮೂರೂ ಸೇರಿಕೊಂಡಿವೆ ಎಂದು ನನಗನ್ನಿಸುತ್ತದೆ.

ಆದರೆ ಶೀರ್ಷಿಕೆಗೆ, ಉಪಶೀರ್ಷಿಕೆಗಳಿಗೆ ನಾಮಪದ ಬೇಕೇ ಬೇಕು. ಆದ್ದರಿಂದ ಕೇಳುತ್ತಿದ್ದೇನೆ. ಮೈಸೂರು ಕಡೆಯ ಕುಸ್ತಿ ಬಲ್ಲವರು ಗರಡಿಯನ್ನೇ ಕರ್ತೃವಾಗಿಟ್ಟು ‘ಇಂಥ ಗರಡಿ ಗೆದ್ದಿತು’ ಎನ್ನುತ್ತಾರೆಯೇ? ಕರಾವಳಿಯ ಸದಸ್ಯರ ಕಿವಿಗೆ ‘ಕಾಲೇಜಿನ ಫುಟ್ಬಾಲ್ ಮೇಳ’ ಒಪ್ಪುತ್ತದೆಯೇ, ಅಥವಾ ಕೃತಕವಾಗಿ ಕೇಳುತ್ತದೆಯೇ? ಎರಡೂ ಆಗದಿದ್ದರೆ ‘ಪ್ರೋಗ್ರಾಮ್’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಡುತ್ತೇನೆ.